ಪವಾಡ ಆಗಿದ್ದು ನಾಲಿಗೆಗೋ, ಕಿವಿಗೋ?

ಸುಗಟೂರು ಕಡೆ ಬೆಳೆದವರು ಒಂದಿಡೀ ದಿನವನ್ನ ಒಂದೇ ಭಾಷೆಯಲ್ಲಿ ಕಳೆಯೋದು ಕಷ್ಟ. ನಮ್ಮ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕೆಜಿಎಫ್‌ನಿಂದ ನೆಂಟರು ಬಂದರೆ ತಮಿಳು. ಅಜ್ಜಿಯನ್ನು ನಾವು ಅವ್ವ ಅಂತೀವಿ. ಅವ್ವ ಬೈಯೋದೂ ಪ್ರಾರ್ಥನೆ ಮಾಡೋದೂ ತೆಲುಗಿನಲ್ಲಿ. ಚರ್ಚಿನಲ್ಲಿ ಹಾಡೋದು ಕನ್ನಡದಲ್ಲಿ.

ಕೆಲವು ವರ್ಷಗಳ ಹಿಂದೆ ಅವ್ವ ಬೆಂಗಳೂರಿನ ನನ್ನ ಮನೆಗೆ ಬಂದಿದ್ದರು. ಅವತ್ತು ಪಂಚಾಶತ್ತಮದ ಭಾನುವಾರ. ನಾನು ಹೋಗುವ ಇಂಗ್ಲಿಷ್ ಆರಾಧನೆಗೇ ಕರ್ಕೊಂಡು ಹೋದೆ. ಪ್ರಸಂಗ ಚೆನ್ನಾಗಿತ್ತು. ಪವಿತ್ರಾತ್ಮ ಇಳಿದು ಬಂದ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ಹುಟ್ಟುಭಾಷೆಯಲ್ಲೇ ದೇವರ ಮಾತು ಕೇಳಿದರು ಅನ್ನೋದೇ ವಿಷಯ. ಅವ್ವ ಕೈ ಕಟ್ಟಿಕೊಂಡು ಕೊನೇವರೆಗೂ ಕೂತಿದ್ದರು. ಹೊರಗೆ ಬಂದ ಮೇಲೆ ಕೇಳಿದರು: "ಏಂ ಚೆಪ್ಪಿನಾರ್ರಾ?" ಏನ್ ಹೇಳುದ್ರೋ ಅಂತ.

"ಪವಿತ್ರಾತ್ಮ ಬಂದಿದ್ದರ ಬಗ್ಗೆ" ಅಂದೆ.

"ಅದು ನಂಗೂ ಗೊತ್ತು. ಇವತ್ತು ಏನ್ ಹೇಳುದ್ರು?"

ಪಕ್ಕದಲ್ಲೇ ಕೂತಿದ್ದ ನಾನು ಒಂದು ವಾಕ್ಯವನ್ನೂ ಅವರ ಕಿವಿಗೆ ಹಾಕಿರಲಿಲ್ಲ. ಹಾಕಬೇಕು ಅಂತ ಹೊಳೆದೂ ಇರಲಿಲ್ಲ.

ಪಂಚಾಶತ್ತಮ ಅಂದರೆ ಐವತ್ತನೆಯದು. ಈಸ್ಟರ್‌ನಿಂದ ಎಣಿಸಿದರೆ ಐವತ್ತನೇ ದಿನ. ಮೂಲತಃ ಅದು ಯೆಹೂದ್ಯರ ಸುಗ್ಗಿಹಬ್ಬ, ಗೋಧಿಯ ಮೊದಲ ಫಸಲನ್ನು ದೇವರಿಗೆ ಒಪ್ಪಿಸುವ ಹಬ್ಬ. ನಮ್ಮಲ್ಲಿ ಅದು ಮೇ ಅಥವಾ ಜೂನ್‌ನಲ್ಲಿ, ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಬಂದು ಬೀಳುವ ಕಾಲಕ್ಕೆ ಬರುತ್ತೆ. ಆ ಹಬ್ಬಕ್ಕೆಂದು ಜೆರುಸಲೇಮಿನಲ್ಲಿ ಊರೂರಿನ ಜನ ಸೇರಿದ್ದಾಗ ನಡೆದದ್ದನ್ನ ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯ ಹೇಳುತ್ತೆ. ಬಿರುಗಾಳಿಯಂಥ ಶಬ್ದ, ಬೆಂಕಿಯಂಥ ನಾಲಿಗೆಗಳು. ಆದರೆ ಜನ ಬೆರಗಾಗಿದ್ದು ಬೆಂಕಿ ನೋಡಿ ಅಲ್ಲ. ಮಾತಾಡ್ತಾ ಇರೋರು ಗಲಿಲಾಯದವರು, ನಮಗೆ ನಮ್ಮ ಭಾಷೆಯಲ್ಲೇ ಕೇಳಿಸ್ತಿದೆಯಲ್ಲ ಅಂತ. ಕೆಲವರು 'ಕುಡಿದಿದ್ದಾರೆ' ಅಂತ ನಕ್ಕರು. ಇನ್ನೂ ಬೆಳಗ್ಗೆ ಒಂಬತ್ತು ಗಂಟೆ ಅಂತ ಪೇತ್ರ ಉತ್ತರ ಕೊಟ್ಟ.

ಇವತ್ತು ಪಂಚಾಶತ್ತಮ ಅಂದ ಕೂಡಲೇ ನಮ್ಮ ಚರ್ಚೆಯೆಲ್ಲ ನಾಲಿಗೆಯ ಬಗ್ಗೆಯೇ: ಅನ್ಯಭಾಷೆ ಆಡಬೇಕೋ ಬೇಡವೋ, ಆಡಿದವರಿಗೆ ಮಾತ್ರ ಆತ್ಮ ಸಿಕ್ಕಿದೆಯೋ. ಕಿವಿಯ ಬಗ್ಗೆ ಕೇಳೋರು ಕಡಿಮೆ.

ಕಥೆ ಅಲ್ಲಿಗೇ ಮುಗಿಯೋದೂ ಇಲ್ಲ. ಆರನೇ ಅಧ್ಯಾಯಕ್ಕೆ ಬರೋಷ್ಟರಲ್ಲಿ ಅದೇ ಸಭೆಯಲ್ಲಿ ಗೊಣಗಾಟ ಶುರುವಾಗಿದೆ. ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನ ಕಡೆಗಣಿಸ್ತಿದ್ದಾರೆ ಅಂತ ದೂರು. ಪವಾಡ ಕಂಡ ಸಭೆಯಲ್ಲೂ ಭಾಷೆ ನೋಡಿ ಬಡಿಸಿದ್ದಾರೆ! ಹಿರಿಯರು ಈ ದೂರನ್ನ ತಳ್ಳಿಹಾಕಲಿಲ್ಲ. ಸಭೆಯೇ ಆರಿಸಿದ ಏಳು ಜನರಿಗೆ ಆ ಕೆಲಸ ಒಪ್ಪಿಸಿದರು. ಏಳೂ ಗ್ರೀಕ್ ಹೆಸರುಗಳೇ. ಅಂದರೆ ಬಡಿಸುವ ಸೌಟು ದೂರು ಕೊಟ್ಟವರ ಕೈಗೇ ಹೋಯಿತು. ನನಗೆ ಪಂಚಾಶತ್ತಮ ಪೂರ್ತಿಯಾಗೋದು ಇಲ್ಲಿ.

ಇದು ಹಳೇ ಕಥೆಯಷ್ಟೇ ಅಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಲ್ಯಾಟಿನ್ ಜೊತೆಗೆ ಜನರ ಭಾಷೆಗೂ ಬಾಗಿಲು ತೆರೆಯಿತು. ಆಮೇಲೆ ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಯಾವ ಜನರ ಭಾಷೆ, ಕನ್ನಡವೋ ತಮಿಳೋ ಅನ್ನೋ ಜಗಳ ದಶಕಗಳ ಕಾಲ ನಡೀತು. ತಮ್ಮ ನೆಲದ ಗುಡಿಯಲ್ಲೇ ತಮ್ಮ ಮಾತು ಕೇಳಿಸದ ಕನ್ನಡದವರ ಸಂಕಟ ಆ ವಿಧವೆಯರ ದೂರಿನಂಥದ್ದೇ. ಅದು ನ್ಯಾಯವೂ ಹೌದು. ಆದರೆ ಸೌಟು ನಮ್ಮ ಕೈಗೆ ಬಂದ ಮೇಲೆ ನಾವು ಯಾರನ್ನ ಬಿಟ್ಟು ಬಡಿಸ್ತಿದ್ದೀವಿ? ನರಸಾಪುರದ ಕಾರ್ಖಾನೆಗಳಿಗೆ ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗ ಹುಡುಗಿಯರಲ್ಲಿ ಕ್ರೈಸ್ತರೂ ಇದ್ದಾರೆ. ಅಂಥವರೊಬ್ಬರು ಭಾನುವಾರ ನಮ್ಮ ಹಿಂದಿನ ಬೆಂಚಲ್ಲಿ ಕೂತರೆ ಹೆಸರು ಕೇಳೋರು ಎಷ್ಟು ಜನ?

ಒಂದೊಂದು ಭಾಷೆಗೂ ಒಂದೊಂದು ಆರಾಧನೆ ಇಟ್ಟರೆ ಆಯ್ತಲ್ಲ ಅನ್ನಬಹುದು. ಅನುಕೂಲವೇ, ಬೇಕಾಗುತ್ತೆ ಕೂಡ. ಆದರೆ ಬೆಳಗ್ಗೆ ಏಳಕ್ಕೆ ಒಬ್ಬರು, ಒಂಬತ್ತಕ್ಕೆ ಇನ್ನೊಬ್ಬರು ಬಂದು ಹೋದರೆ ಗೇಟಿನ ಹತ್ತಿರ ಪಾರ್ಕಿಂಗ್ ಜಗಳಕ್ಕೆ ಮಾತ್ರ ನಾವು ಭೇಟಿಯಾಗ್ತೀವಿ. ಜೆರುಸಲೇಮಿನಲ್ಲಿ ಅವರೆಲ್ಲ ಒಂದೇ ಗುಂಪಿನಲ್ಲಿ ನಿಂತಿದ್ದರು. ಎಲ್ಲರಿಗೂ ಒಂದೇ ಭಾಷೆ ಬಂದುಬಿಡಲಿಲ್ಲ, ಯಾರ ಭಾಷೆಯೂ ಹೋಗಲಿಲ್ಲ. ಇವತ್ತಿನ ಸಭೆಗೆ ಅಷ್ಟು ದೊಡ್ಡ ಪವಾಡ ಬೇಕಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಅರ್ಥ ಹೇಳೋ ಒಬ್ಬರು ಸಾಕು. ಚರ್ಚಿನ ದುಡ್ಡು, ಊಟ, ಸಹಾಯ ತೀರ್ಮಾನ ಮಾಡೋ ಕಮಿಟಿಯಲ್ಲಿ ಹಿಂದಿನ ಬೆಂಚಿನವರಿಗೂ ಒಂದು ಕುರ್ಚಿ ಇದ್ದರೆ ಇನ್ನೂ ಒಳ್ಳೇದು.

ಅವ್ವ ಈಗ ಬೆಂಗಳೂರಿಗೆ ಬರೋದಿಲ್ಲ, ಮಂಡಿನೋವು. ಪಂಚಾಶತ್ತಮದ ದಿನ ಮಧ್ಯಾಹ್ನ ನಾನೇ ಫೋನ್ ಮಾಡ್ತೀನಿ. "ಏಂ ಚೆಪ್ಪಿನಾರವ್ವಾ?" ಅಂತೀನಿ. ಊರಿನ ಚರ್ಚಿನಲ್ಲಿ ಕನ್ನಡದಲ್ಲಿ ಕೇಳಿದ್ದನ್ನ ಅವರು ತೆಲುಗಿನಲ್ಲಿ ಅರ್ಧ ಗಂಟೆ ಹೇಳ್ತಾರೆ. ನಡುವೆ ಬಾಯಿ ಹಾಕದೆ ಕೇಳೋದನ್ನ ಇನ್ನೂ ಕಲೀತಾ ಇದ್ದೀನಿ.