‘ನಾನೇ ಕೊಟ್ಟಿದ್ದು’

ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಸ್ವಾಯತ್ತತೆಯ ಕುರಿತದ್ದು. ಅದರಲ್ಲಿ ಅಮ್ಮನ ಬಗ್ಗೆ ಒಂದು ಪುಟವಿತ್ತು. ನಾಯಂಡಹಳ್ಳಿಯ ನಮ್ಮ ಮನೆಯಿಂದ ಅಮ್ಮ ಹದಿನೆಂಟು ವರ್ಷ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ದುಡಿಯಲು ಹೋದಳು. ಸಂಬಳದ ಎಟಿಎಂ ಕಾರ್ಡು ಮಾತ್ರ ಅಪ್ಪನ ಜೇಬಿನಲ್ಲಿ. ಕೇಳಿದರೆ, “ಅವರೇನು ಕಿತ್ಕೊಂಡಿಲ್ಲ, ನಾನೇ ಕೊಟ್ಟಿದ್ದು” ಅನ್ನುತ್ತಾಳೆ. ಬೇರೆ ದಾರಿಯೇ ಕಾಣದ ಕಡೆ ‘ನಾನೇ’ ಎನ್ನುವುದು ಆಯ್ಕೆಯೆ? ಅಲ್ಲ ಎಂದರೆ, ಅವಳ ಮನಸ್ಸನ್ನು ಅವಳಿಗಿಂತ ಚೆನ್ನಾಗಿ ಬಲ್ಲೆ ಎನ್ನಲು ನಾನು ಯಾರು?

ಒಂದು ಸೆಮಿನಾರಿನಲ್ಲಿ ಇದನ್ನು ಓದಿದಾಗ ಹಿರಿಯರೊಬ್ಬರು, “ಇದು ನಿಮ್ಮ ಮನೆ ಕಥೆ ಆಯ್ತು. ಫಿಲಾಸಫಿ ಎಲ್ಲಿ?” ಎಂದರು. ಕೆಲವರು ನಕ್ಕರು. ನಾನೂ ನಕ್ಕೆ. ರಾತ್ರಿ ಆ ಪುಟ ತೆಗೆದುಹಾಕಿದೆ.

ಮರುವಾರ ಬಿ.ಎ. ತರಗತಿಯಲ್ಲಿ ದೆಕಾರ್ತ್ ಪಾಠವಿತ್ತು. 1641ರ ‘ಮೆಡಿಟೇಶನ್ಸ್’ನ ಆರಂಭದಲ್ಲಿ ಚಳಿಗಾಲದ ನಿಲುವಂಗಿ ತೊಟ್ಟು, ಬೆಂಕಿಯ ಬಳಿ, ಕಾಗದ ಹಿಡಿದು ಕೂತ ಒಬ್ಬ ‘ನಾನು’ ಇದ್ದಾನೆ. ಅದು ಯಾರ ಮನೆ ಕಥೆ ಎಂದು ಯಾರೂ ಕೇಳುವುದಿಲ್ಲ. (ಆ ಒಲೆಗೆ ಸೌದೆ ಒಟ್ಟಿದವರು ಯಾರು ಎಂದೂ ಕೇಳುವುದಿಲ್ಲ.) ಅವನ ‘ನಾನು’ ಮನುಷ್ಯಕುಲದ್ದು, ಅಮ್ಮನ ‘ನಾನೇ’ ನಾಯಂಡಹಳ್ಳಿಯದು.

ಕನ್ನಡದಲ್ಲಿ ಹೀಗಾಗಬೇಕಿರಲಿಲ್ಲ. ವಚನಕಾರರಿಗೆ ಅನುಭಾವವೇ ಒರೆಗಲ್ಲು. ಆದರೂ 15ನೇ ಶತಮಾನದಲ್ಲಿ ಸಂಕಲನಗೊಂಡ ‘ಶೂನ್ಯಸಂಪಾದನೆ’ಯಲ್ಲಿ, ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಕೇಳುವುದು ಗಂಡನ ಬಗ್ಗೆ, ಮೈ ಮರೆಮಾಡಿದ ಕೂದಲಿನ ಬಗ್ಗೆ. ಮೊದಲ ಸಲ ಓದಿದಾಗ ಸಿಟ್ಟು ಬಂದಿತ್ತು. ಈಗ ಓದಿದರೆ ಉತ್ತರ ಹೆಚ್ಚು ಕಾಡುತ್ತದೆ. ‘ಇದು ನನ್ನ ಅನುಭವ, ಪ್ರಶ್ನಿಸಬೇಡಿ’ ಎಂದು ಅಕ್ಕ ಅನ್ನುವುದಿಲ್ಲ. ನೋಡುವ ನಿಮಗೆ ನೋವಾದೀತೆಂದು ಮುಚ್ಚಿದೆ ಎನ್ನುತ್ತಾಳೆ. ಅವಳ ಮೈ ಮೇಲಿದ್ದ ಪ್ರಶ್ನೆ ಸಭೆಯ ಕಣ್ಣಿನ ಕಡೆಗೆ ಹೊರಳುತ್ತದೆ. ಅಲ್ಲಮ ಮುಂದೆಯೂ ಕೇಳುತ್ತಾನೆ, ಅವಳೂ ಹೇಳುತ್ತಾಳೆ. ಸೆಮಿನಾರಿನ ಹಿರಿಯರಿಗೆ ಉತ್ತರ ಬೇಕಿರಲಿಲ್ಲ.

ನನ್ನ ಬಳಿ ಉತ್ತರವಿತ್ತೇ ಎಂಬುದು ಬೇರೆ ಮಾತು. ಅಮ್ಮ ಸ್ವತಂತ್ರಳಲ್ಲ ಎಂದು ಮೊದಲೇ ತೀರ್ಮಾನಿಸಿ, ಅವಳ ಬದುಕನ್ನು ಸಾಕ್ಷಿಗೆ ಕರೆದಿದ್ದೆ. ಅನುಭವ ನಿಜವಾದ ಮಾತ್ರಕ್ಕೆ ನಾನು ಅದಕ್ಕೆ ಹಚ್ಚಿದ ಅರ್ಥ ನಿಜವಾಗಬೇಕಿಲ್ಲ.

ಮೊನ್ನೆ ಆ ಪುಟವನ್ನು ಅಮ್ಮನಿಗೇ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು.

“ಕಾರ್ಡ್ ಕೊಟ್ಟಿದ್ದು ಬರ್ದಿದ್ದೀಯ. ರಾತ್ರಿ ಸೀರೆಗೆ ಫಾಲ್ ಹಾಕಿ ಬಂದ ದುಡ್ಡಲ್ಲಿ ಚೀಟಿ ಕಟ್ತಿದ್ದದ್ದು ಬರ್ದಿಲ್ವಲ್ಲ?”

ನನಗೆ ಅದು ಗೊತ್ತೇ ಇರಲಿಲ್ಲ. ಬರೆಯಲಾ ಎಂದು ಕೇಳಿದೆ.

“ಬರ್ಕೋ. ನಿಮ್ಮಪ್ಪ ಇದನ್ನೆಲ್ಲ ಎಲ್ಲಿ ಓದ್ತಾರೆ.”