ಇಂದಿನ ಚಿಂತನೆ: ಗೊತ್ತಿಲ್ಲದೆ ಆದ ತಪ್ಪು

 

ಕಳೆದ ಭಾನುವಾರದ ಅಧ್ಯಯನದಲ್ಲಿ ಹಿರಿಯರೊಬ್ಬರು ಕೇಳಿದರು: "ಗೊತ್ತಿಲ್ಲದೆ ಆದ ತಪ್ಪಿಗೂ ನಾವು ಹೊಣೆಯೇ?" ನನಗೆ ಎಂ.ಎ. ತರಗತಿಯಲ್ಲಿ ಓದಿದ 'ದೊರೆ ಈಡಿಪಸ್' ನೆನಪಾಯಿತು. ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಸೊಫೊಕ್ಲಿಸ್ ಬರೆದ ದುರಂತ ನಾಟಕ, ಪಿ. ಲಂಕೇಶರು ಕನ್ನಡಕ್ಕೆ ತಂದರು.

ಮಗ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ ಎಂಬ ದೈವವಾಣಿಗೆ ಹೆದರಿ ಥೀಬ್ಸಿನ ರಾಜ ರಾಣಿ ಹಸುಗೂಸನ್ನು ಬೆಟ್ಟದಲ್ಲಿ ಸಾಯಲು ಬಿಟ್ಟುಬರುವಂತೆ ಆಳಿಗೆ ಹೇಳುತ್ತಾರೆ. ಕುರಿ ಕಾಯುವ ಆ ಆಳು ಮರುಗಿ, ಮಗುವನ್ನು ಬೇರೆ ನಾಡಿನವನ ಕೈಗೆ ಕೊಡುತ್ತಾನೆ. ಬೆಳೆದ ಈಡಿಪಸ್ ಮೂರು ದಾರಿ ಕೂಡುವಲ್ಲಿ ಜಗಳವಾಗಿ ಒಬ್ಬ ಮುದುಕನನ್ನು ಕೊಲ್ಲುತ್ತಾನೆ. ಅವನೇ ತಂದೆ. ಮುಂದೆ ಥೀಬ್ಸಿನ ದೊರೆಯಾಗಿ ವಿಧವೆ ರಾಣಿಯನ್ನು ಮದುವೆಯಾಗುತ್ತಾನೆ. ನಿಜ ತಿಳಿದ ದಿನ ತನ್ನ ಕಣ್ಣನ್ನು ತಾನೇ ಇರಿದುಕೊಳ್ಳುತ್ತಾನೆ.

'ವಿಧಿಯ ಮುಂದೆ ಮನುಷ್ಯ ಅಸಹಾಯಕ' ಎಂದು ಪರೀಕ್ಷೆಯಲ್ಲಿ ಬರೆದೆ. ಒಳ್ಳೆಯ ಅಂಕವೂ ಬಂತು. ಇವತ್ತು ಹಾಗೆ ಬರೆಯಲಾರೆ. ನಮ್ಮ ಅಜ್ಜಂದಿರಿಗೂ ಇದನ್ನೇ ಹೇಳಿದ್ದರು: ಇದು ನಿಮ್ಮ ಹಣೆಬರಹ, ಹಿಂದಿನ ಜನ್ಮದ ಕರ್ಮ. ಎಲ್ಲವೂ ಮೊದಲೇ ನಿಗದಿ ಎಂದ ಮಕ್ಖಲಿ ಗೋಸಾಲನ ವಾದವನ್ನು ಬುದ್ಧರು ಒಪ್ಪಲಿಲ್ಲ. ಬಡವರ ಸ್ಥಿತಿಗೆ ಪೂರ್ವಜನ್ಮದ ಕರ್ಮ ಕಾರಣ ಎನ್ನುವುದು ಸಮಾಜ ತನ್ನ ಹೊಣೆಯಿಂದ ನುಣುಚಿಕೊಳ್ಳುವ ದಾರಿ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತೋರಿಸಿಕೊಟ್ಟರು.

ಬುದ್ಧರು ಕರ್ಮ ಎಂದದ್ದು ಚೇತನಾವನ್ನು, ಅಂದರೆ ಮನಸ್ಸಿನ ಸಂಕಲ್ಪವನ್ನು. ಹಾಗೆ ನೋಡಿದರೆ ತಾನು ಕೊಲ್ಲುತ್ತಿರುವುದು ತಂದೆಯನ್ನು ಎಂಬುದು ಈಡಿಪಸನಿಗೆ ಗೊತ್ತಿರಲಿಲ್ಲ. ಆ ಪಾಪ ಅವನದಲ್ಲ. ಆದರೆ ಮನುಷ್ಯನೊಬ್ಬನನ್ನು ಸಿಟ್ಟಿನಲ್ಲಿ ಹೊಡೆಯುತ್ತಿದ್ದೇನೆ ಎಂಬುದು ಗೊತ್ತಿತ್ತು. ಮೊದಲು ಕೈ ಮಾಡಿದವರು ಆ ಕಡೆಯವರೇ ಇರಬಹುದು, ಆದರೂ ಮೊದಲನೆಯ ಶೀಲ ಮುರಿದದ್ದು ಅಲ್ಲಿಯೇ. ಹಸುಗೂಸನ್ನು ಸಾಯಿಸಲು ಕಳಿಸಿದ ತಂದೆ ತಾಯಿಗೂ ತಾವು ಮಾಡುತ್ತಿರುವುದೇನೆಂದು ಗೊತ್ತಿತ್ತು.

ಮತ್ತೆ ಆ ಆಳು? ಕೊನೆಗೆ ಈಡಿಪಸನೇ ತನ್ನನ್ನು ಉಳಿಸಿದವನನ್ನು ಶಪಿಸುತ್ತಾನೆ. ಆದರೆ ಅನಾಹುತ ಹುಟ್ಟಿದ್ದು ದೊಡ್ಡವರ ಭಯ ಮತ್ತು ಸಿಟ್ಟಿನಿಂದ. ಆಳಿನ ಕರುಣೆ ಕರುಣೆಯೇ. ಮುಂದೆ ಏನಾಯಿತು ಎಂಬುದರಿಂದ ಅದು ತಪ್ಪಾಗುವುದಿಲ್ಲ.

ಈ ವರ್ಷ ದಿನವೂ ತಡವಾಗಿ ಬರುತ್ತಿದ್ದ ಹುಡುಗನೊಬ್ಬನನ್ನು ತರಗತಿಯ ಎದುರೇ ಬೈದೆ. ಅವನು ಬೆಳಗಿನ ಜಾವ ಎದ್ದು ಮನೆಮನೆಗೆ ಹಾಲು ಹಾಕಿ ಬರುತ್ತಾನೆ ಎಂದು ಆಮೇಲೆ ತಿಳಿಯಿತು. 'ನನಗೆ ಗೊತ್ತಿರಲಿಲ್ಲವಲ್ಲ' ಎಂದು ಸಮಾಧಾನ ಮಾಡಿಕೊಂಡೆ. ಹಾಲಿನ ವಿಷಯ ಗೊತ್ತಿರಲಿಲ್ಲ, ನಿಜ. ಮಗುವೊಂದನ್ನು ಎಲ್ಲರ ಮುಂದೆ ಕುಗ್ಗಿಸುತ್ತಿದ್ದೇನೆ ಎಂಬುದು ಗೊತ್ತಿತ್ತು. ಮರುದಿನ ಅದೇ ತರಗತಿಯ ಎದುರು ಅವನ ಕ್ಷಮೆ ಕೇಳಿದೆ.

ಇಂದು ಮಲಗುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ: ನನಗೆ ಗೊತ್ತಿರಲಿಲ್ಲ ಎನ್ನುವ ಮಾತಿನ ಹಿಂದೆ, ಗೊತ್ತಿದ್ದ ಯಾವುದನ್ನು ಬಚ್ಚಿಡುತ್ತಿದ್ದೇನೆ?

ಭವತು ಸಬ್ಬ ಮಂಗಲಂ. ಜೈ ಭೀಮ್.