ಪ್ರದಕ್ಷಿಣೆ ಹಾಕುವವಳು ಅವಳೇ ಏಕೆ?

ಮಖ್ತಲ್ ಕಡೆಯಿಂದ ಪಂಚದೇವ ಪಹಾಡಕ್ಕೆ ಬಂದು, ಕೃಷ್ಣೆ ದಾಟಿ ಕುರುವಪುರದ ಶ್ರೀಪಾದ ಶ್ರೀವಲ್ಲಭರ ಸನ್ನಿಧಿ ಸೇರುವವರಲ್ಲಿ ಮಕ್ಕಳಿಗಾಗಿ ಹರಕೆ ಹೊತ್ತವರೂ ಇರುತ್ತಾರೆ. ದತ್ತ ಭಕ್ತರು ಪಾರಾಯಣ ಮಾಡುವ ಗುರುಚರಿತ್ರೆಯಲ್ಲಿ, ಗಾಣಗಾಪುರದ ಮಕ್ಕಳಿಲ್ಲದ ಮುದುಕಿಗೆ ಗುರುಗಳು ಅಶ್ವತ್ಥ ಪ್ರದಕ್ಷಿಣೆ ಹೇಳುವ ಕಥೆಯಿದೆ. ಹೇಳಿದ್ದು ಅವಳಿಗೆ. ನಾರಾಯಣಪೇಟೆಯಾಗಲಿ ಗದ್ವಾಲವಾಗಲಿ, ಮಡಿಲು ತುಂಬದಿದ್ದರೆ ಮೊದಲು ಉಪವಾಸ ಹಿಡಿಯುವವಳು ಸೊಸೆಯೇ.

ಕೆಲವು ಮನೆಗಳಲ್ಲಿ ಗಂಡನನ್ನು ನೋಡಿದರೆ ಗಟ್ಟಿಮುಟ್ಟು. ದಾಂಪತ್ಯಕ್ಕೂ ಕುಂದಿಲ್ಲ. ವೀರ್ಯ ಪರೀಕ್ಷೆ ಮಾಡಿಸಿದರೆ ಮಾತ್ರ ಒಂದು ವೀರ್ಯಾಣುವೂ ಇಲ್ಲ. ದ್ರವ ಒಂದೂವರೆ ಮಿಲಿಲೀಟರಿಗಿಂತ ಕಡಿಮೆ, ಆಮ್ಲೀಯ, ಫ್ರಕ್ಟೋಸ್ ಸಕ್ಕರೆಯ ಸುಳಿವಿಲ್ಲ. ಅನುಭವಿ ವೈದ್ಯರು ಬೆರಳಾಡಿಸಿದರೆ ವೀರ್ಯನಾಳ ಎರಡೂ ಕಡೆ ಕೈಗೆ ಸಿಗುವುದಿಲ್ಲ.

ಕಾರಣ ಹಲವು ಬಾರಿ ಏಳನೇ ವರ್ಣತಂತುವಿನ ಸಿಎಫ್‌ಟಿಆರ್ ಜೀನ್. ಶ್ವಾಸಕೋಶ ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ ತರುವ ಜೀನ್ ಎಂದು 1989ರಲ್ಲಿ ಪತ್ತೆಯಾದದ್ದು ಇದೇ. ಜೀವಕೋಶದ ಹೊದಿಕೆಯಲ್ಲಿ ಕ್ಲೋರೈಡ್, ಬೈಕಾರ್ಬೊನೇಟ್ ದಾಟಿಸುವ ಬಾಗಿಲನ್ನು ಅದು ಕಟ್ಟುತ್ತದೆ. ಬಾಗಿಲು ಕೆಟ್ಟರೆ ಲೋಳೆ ಗಟ್ಟಿಯಾಗುತ್ತದೆ. ಹುಟ್ಟುವ ಮೊದಲೇ ವೀರ್ಯನಾಳ ಇಲ್ಲವಾಗುತ್ತದೆ. ಆ ಕಾಯಿಲೆಯ ಗಂಡಸರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯ ಪಾಡು ಇದು. ದೋಷ ಸೌಮ್ಯವಾಗಿದ್ದರೆ ಶ್ವಾಸಕೋಶ ಚೆನ್ನಾಗಿಯೇ ಇದ್ದು, ನಾಳ ಮಾತ್ರ ಇರುವುದಿಲ್ಲ. ವೃಷಣದಲ್ಲಿ ವೀರ್ಯಾಣು ತಯಾರಿ ಬಹುಪಾಲು ನಡೆದೇ ಇರುತ್ತದೆ. ಜುರಾಲ ಜಲಾಶಯ ತುಂಬಿದೆ, ಕಾಲುವೆ ತೋಡಿಲ್ಲ ಎಂಬಂತೆ, ಅಷ್ಟೆ.

ಸಂತಾನವಿಲ್ಲದ್ದು ಕರ್ಮಫಲ ಎನ್ನುವುದಾದರೆ, ಇಲ್ಲಿ ಕರ್ಮ ಯಾರದು? ಗಂಡಿನ ಕೊರತೆಯ ವಿಷಯದಲ್ಲಿ ಹಿಂದಿನವರು ನಮಗಿಂತ ನಿಷ್ಠುರರು. ವರನ ಪುರುಷತ್ವ ಪರೀಕ್ಷಿಸಿಯೇ ಹೆಣ್ಣು ಕೊಡಬೇಕೆಂದು ನಾರದಸ್ಮೃತಿ ವಿಧಿಸಿತು. ಮಹಾಭಾರತದ ಪಾಂಡು, ಕೊರತೆ ತನ್ನದೆಂದು ಕುಂತಿಯೆದುರು ಒಪ್ಪಿಕೊಂಡ. ಆದರೆ ಸ್ಮೃತಿಯ ಪರೀಕ್ಷೆಯಲ್ಲಿ ಈ ಗಂಡಸು ಸಲೀಸಾಗಿ ಪಾಸು. ಗಂಡಸುತನ ಬೇರೆ, ಸಂತಾನಶಕ್ತಿ ಬೇರೆ. ಇದು ತಿಳಿದೂ ಮನೆಗಳು ಸೊಸೆಯತ್ತಲೇ ನೋಡುತ್ತವೆ.

ಪೂರ್ವಜನ್ಮದ ಪಾಪವೆಂದರೆ ಅವಳ ಹೊರೆ ಇಳಿದು ಅವನ ತಲೆಗೇರುತ್ತದೆ, ಬೇರೇನೂ ಆಗುವುದಿಲ್ಲ. ಜೀನ್ ಅವನ ಕೃತ್ಯವಲ್ಲ, ತಂದೆತಾಯಿಯ ತಪ್ಪೂ ಅಲ್ಲ. ಫಲ ಉಣ್ಣುವವನಿದ್ದಾನೆ, ಮಾಡಿದವನಿಲ್ಲ. ಕರ್ಮದ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಲೆಕ್ಕ ಶುರುವಾಗುವುದು ಮುಂದೆ. ಒಂದೇ ವೀರ್ಯಾಣುವನ್ನು ಅಂಡಕ್ಕೆ ಚುಚ್ಚುವ ಇಕ್ಸಿ ವಿಧಾನದಿಂದ ಗರ್ಭ ಧರಿಸಿದ ವರದಿ 1992ರಲ್ಲಿ ಬ್ರಸೆಲ್ಸ್‌ನಿಂದ ಬಂತು. ವೃಷಣದಿಂದ ಸೂಜಿಯಲ್ಲಿ ವೀರ್ಯಾಣು ತೆಗೆದು ಹಾಗೆ ಚುಚ್ಚಿದರೆ ಇಂಥವನೂ ಈಗ ಅಪ್ಪನಾಗಬಲ್ಲ. ಅವನ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಒಂದು ಮಗುವಿಗೆ ಹೋಗುವುದು ಖಂಡಿತ. ಗದ್ವಾಲದ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯುಂಟು. ರೂಢಿಯಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ ಅಡ್ಡಿಯೂ ಇಲ್ಲ. ಹಾಗೆ ಬಂದ ಹೆಂಡತಿಯಲ್ಲೂ ಅದೇ ದೋಷದ ಒಂದು ಪ್ರತಿ ಇರುವ ಸಂಭವ ಹೊರಗಿನವಳಿಗಿಂತ ಹೆಚ್ಚು. ಇದ್ದರೆ, ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ಪ್ರತಿ ಬಸಿರಿನಲ್ಲೂ ಅರ್ಧಕ್ಕರ್ಧ. ಇಕ್ಸಿಗೆ ಮುಂಚೆ ಹೆಂಡತಿಯ ರಕ್ತವನ್ನೂ ಪರೀಕ್ಷಿಸಲು ವೈದ್ಯರು ಹೇಳುವುದು ಇದಕ್ಕೇ.